ಮೊದಲ ಸೆಮಿಸ್ಟರಿಗೆ ವಾರಕ್ಕೊಂದು ಲೈಬ್ರರಿ ಪೀರಿಯಡ್ ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ನಮ್ಮ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಮತ್ತು ಪಠ್ಯಕ್ರಮ ರೂಪಿಸುವ ಎಲ್ಲ ಹಿರಿಯರಿಗೆ ನಮಸ್ಕಾರ.

ನಾನು ಹಳೇ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ 27 ವರ್ಷ ಲೈಬ್ರೇರಿಯನ್ ಆಗಿದ್ದೆ. ಮಕ್ಕಳು ನನ್ನನ್ನು ಹೆಸರು ಹಿಡಿದು ಕರೆದವರಲ್ಲ, ಎಲ್ಲರಿಗೂ ನಾನು 'ಲೈಬ್ರರಿ ಮೇಡಂ'. ಈಗ ನಿವೃತ್ತಳಾಗಿದ್ದೇನೆ. ಕೆಲಸದಲ್ಲಿದ್ದಾಗ ಈ ಮಾತನ್ನು ಕಾಲೇಜಿನ ಮೀಟಿಂಗ್‌ಗಳಲ್ಲಿ ಹೇಳಿದ್ದೆ. ಅಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು, ಆಮೇಲೆ ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ಡಿಗ್ರಿಯ ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೊಂದು ಪೀರಿಯಡ್ ಲೈಬ್ರರಿಗೆ ಕೊಡಿ. 'ಬಿಡುವಿದ್ದಾಗ ಹೋಗಿ' ಅನ್ನುವುದು ಬೇಡ. ಟೈಮ್ ಟೇಬಲ್‌ನಲ್ಲಿ ಬರೆದಿರಬೇಕು, ಹಾಜರಿ ಇರಬೇಕು, ಇಂಟರ್ನಲ್ ಮಾರ್ಕ್ಸ್‌ನಲ್ಲಿ ಅದಕ್ಕೆ ಒಂದು ಪಾಲು ಇರಬೇಕು. ಬೇಕಾದ ಪುಸ್ತಕ, ಬೇಕಾದ ಮಾಹಿತಿ ಹುಡುಕುವುದು ಹೇಗೆ? ಸಿಕ್ಕಿದ್ದು ನಂಬುವಂಥದ್ದೋ ಅಲ್ಲವೋ ನೋಡುವುದು ಹೇಗೆ? ಅದನ್ನು ಯಾರಿಂದ ತೆಗೆದುಕೊಂಡೆ ಎಂದು ಬರೆಯುವುದು ಹೇಗೆ? ಇಷ್ಟನ್ನು ಕಲಿಸಲು ವಾರಕ್ಕೊಂದು ಗಂಟೆ ಸಾಕು.

ಇಷ್ಟು ಸಣ್ಣ ವಿಷಯಕ್ಕೆ ಸಚಿವರಿಗೆ ಪತ್ರ ಯಾಕೆ ಅಂತ ಅನ್ನಿಸಬಹುದು. ನಾನು ಕಣ್ಣಾರೆ ಕಂಡ ಒಂದು ಮಧ್ಯಾಹ್ನದ ಕತೆ ಹೇಳುತ್ತೇನೆ.

ಒಮ್ಮೆ ಕನ್ನಡ ಮೇಷ್ಟ್ರು ಮೊದಲ ವರ್ಷದ ಬಿಎ ಮಕ್ಕಳಿಗೆ ವಚನ ಸಾಹಿತ್ಯದ ಮೇಲೆ ಅಸೈನ್‌ಮೆಂಟ್ ಕೊಟ್ಟಿದ್ದರು. ಮಕ್ಕಳು ಬರೆದು ತಂದ ಕಟ್ಟನ್ನು ನನ್ನ ಟೇಬಲ್ ಮೇಲಿಟ್ಟು, "ಮೇಡಂ, ಸ್ವಲ್ಪ ಇದನ್ನ ನೋಡಿ" ಅಂದರು. ಬಹುತೇಕ ಎಲ್ಲದರಲ್ಲೂ ಮೊದಲ ಪ್ಯಾರಾ ಒಂದೇ. ಕಾಗುಣಿತದ ತಪ್ಪು ಕೂಡ ಒಂದೇ ಜಾಗದಲ್ಲಿ. ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದನ್ನು ಒಬ್ಬರು ಬರೆದುಕೊಂಡಿದ್ದರು, ಉಳಿದವರು ಅವರದ್ದನ್ನು ನೋಡಿ ಬರೆದಿದ್ದರು. 'ಕಾಯಕವೇ ಕೈಲಾಸ ಎಂದು ಬಸವಣ್ಣನವರು ಹೇಳಿದರು' ಎಂಬ ಸಾಲಂತೂ ಎಲ್ಲರದ್ದರಲ್ಲೂ ಇತ್ತು.

ಮಾರನೆಯ ದಿನ ಆ ತರಗತಿಯ ಒಬ್ಬ ಹುಡುಗಿ ಪುಸ್ತಕ ವಾಪಸ್ ಕೊಡಲು ಬಂದಳು. "ಈ ಮಾತು ಬಸವಣ್ಣನವರದ್ದೇ ಅಂತ ಹೇಗೆ ಗೊತ್ತಮ್ಮಾ?" ಅಂತ ಕೇಳಿದೆ. ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಎಲ್ಲಾ ಕಡೆ ಹಾಗೇ ಇದೆ ಮೇಡಂ" ಅಂದಳು. "ಸರಿ, ನೋಡೇಬಿಡೋಣ ಬಾ" ಅಂತ ಕಂಪ್ಯೂಟರ್ ಮುಂದೆ ಕೂರಿಸಿದೆ. 'ವಚನ ಸಂಚಯ' ಅಂತ ಒಂದು ತಾಣ ಇದೆ. ಕನ್ನಡದ ಮೇಲಿನ ಪ್ರೀತಿಯಿಂದ ಕೆಲವರು ಸೇರಿ ಕಟ್ಟಿದ್ದು, ಯಾರು ಬೇಕಾದರೂ ಬಳಸಬಹುದು. ಒಂದು ಪದ ಕೊಟ್ಟರೆ ಸಾವಿರಾರು ವಚನಗಳಲ್ಲಿ ಆ ಪದ ಎಲ್ಲೆಲ್ಲಿ ಬರುತ್ತದೋ ತೋರಿಸುತ್ತದೆ.

ಅವಳು ಗೂಗಲ್‌ಗೆ ಕೇಳುವ ಹಾಗೆ ಇಡೀ ವಾಕ್ಯ ಟೈಪ್ ಮಾಡಿದಳು. ಏನೂ ಬರಲಿಲ್ಲ. "ಅಷ್ಟುದ್ದ ಬೇಡ. ಒಂದೊಂದೇ ಪದ ಹಾಕು. ಪದಕ್ಕೆ ಏನಾದ್ರೂ ಅಂಟಿಕೊಂಡಿರುತ್ತೆ, ಕೈಲಾಸ ಅಂತ ಇರೋದು ಕೈಲಾಸವಾದ ಅಂತ ಆಗಿರಬಹುದು, ಕೈಲಾಸಕ್ಕೆ ಅಂತ ಆಗಿರಬಹುದು" ಅಂದೆ. ಒಂದೊಂದಾಗಿ ಹಾಕಿ ನೋಡಿದಳು. ಬಂದ ವಚನಗಳನ್ನು ಬೆರಳಿಟ್ಟು ಓದುತ್ತಾ ಹೋದಳು. ಅರ್ಧ ಗಂಟೆಯಾಗಿರಬಹುದು, ಒಂದು ಕಡೆ ನಿಂತಳು. "ಮೇಡಂ, ಇಲ್ಲಿದೆ. ಆದ್ರೆ ಕೊನೇಲಿ ಕೂಡಲಸಂಗಮದೇವ ಇಲ್ಲ. ಅಮರೇಶ್ವರಲಿಂಗ ಅಂತಿದೆ."

ಅದು ಆಯ್ದಕ್ಕಿ ಮಾರಯ್ಯನ ಅಂಕಿತ. ನಾನೇ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಸಮಗ್ರ ವಚನ ಸಂಪುಟ ಇಟ್ಟಿದ್ದ ಕಪಾಟಿಗೆ ಕಳಿಸಿದೆ. ರಾಜ್ಯ ಸರ್ಕಾರವೇ ತಂದ 15 ಸಂಪುಟಗಳು ಅವು. ನಮ್ಮ ಲೈಬ್ರರಿಯಲ್ಲಿ ಅವುಗಳ ಬೆನ್ನಿನ ಮೇಲಿನ ಬಂಗಾರದ ಬಣ್ಣ ಇನ್ನೂ ಮಾಸಿರಲಿಲ್ಲ. ಅಷ್ಟು ಕಡಿಮೆ ಜನ ಅವನ್ನು ಮುಟ್ಟಿದ್ದರು ಅನ್ನುವುದು ನನಗೆ ಈಗಲೂ ಸಂಕಟದ ವಿಷಯ. ಅವಳು ಕೊನೆಯ ಪುಟಗಳ ಸೂಚಿ ನೋಡುವುದನ್ನು ಅವತ್ತೇ ಕಲಿತಳು. ಸಂಪುಟ ಸಿಕ್ಕಿತು, ವಚನವೂ ಸಿಕ್ಕಿತು.

"ಹಾಗಾದ್ರೆ ಎಲ್ಲರೂ ತಪ್ಪು ಬರ್ದಿದ್ದಾರಾ ಮೇಡಂ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಕಾಯಕದ ವಿಚಾರ ಶರಣರೆಲ್ಲರದ್ದು, ಅದರಲ್ಲಿ ಬಸವಣ್ಣನವರ ಪಾಲು ದೊಡ್ಡದು. ಆದರೆ ಈ ಮಾತು ಈ ರೂಪದಲ್ಲಿ ನಮಗೆ ಸಿಗುವುದು ಮಾರಯ್ಯನ ವಚನದಲ್ಲಿ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದ ಮನುಷ್ಯ ಆಡಿದ ಮಾತು ಅದು ಅಂತ ಗೊತ್ತಾದರೆ, ಅದರ ತೂಕವೇ ಬೇರೆ ಆಗುತ್ತದೆ ಅಲ್ವಾ? ಹುಡುಗಿ ತನ್ನ ಅಸೈನ್‌ಮೆಂಟ್ ವಾಪಸ್ ತೆಗೆದುಕೊಂಡು ಹೋಗಿ ಆ ಪ್ಯಾರಾ ಪೂರ್ತಿ ತಿದ್ದಿ ಬರೆದಳು. ಕೆಳಗೆ ಸಂಪುಟ, ಪುಟ ಎರಡನ್ನೂ ಹಾಕಿದ್ದಳು. ಯಾರೂ ಹೇಳಿರಲಿಲ್ಲ.

ಮಾನ್ಯರೇ, ಪ್ರಪಂಚದ ವಿಶ್ವವಿದ್ಯಾಲಯಗಳಲ್ಲಿ 'ಮಾಹಿತಿ ಸಾಕ್ಷರತೆ' ಅಂತ ಕರೆಯುವುದು ಇದನ್ನೇ. ಹೆಸರು ದೊಡ್ಡದು, ಕೆಲಸ ನಮಗೆ ಹೊಸದಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುತ್ತಾ ಬಂದಿದ್ದಾರೆ. ಹಾಡಿದ ಮಾತಿನ ಕೊನೆಗೆ ಅಂಕಿತ ಇಡುವ ಪದ್ಧತಿ ಕನ್ನಡದಲ್ಲಿ ವಚನಕಾರರ ಕಾಲದಿಂದಲೇ ಇದೆ. ಈಗಿನ ಮಕ್ಕಳು ಮಾತ್ರ ವಾಟ್ಸಾಪ್‌ನಲ್ಲಿ ಬಂದ ಯಾವುದೋ ನಾಲ್ಕು ಸಾಲಿನ ಕೆಳಗೆ 'ಸರ್ವಜ್ಞ' ಅಂತಿದ್ದರೆ ಸರ್ವಜ್ಞನದ್ದೇ ಅಂದುಕೊಳ್ಳುತ್ತಾರೆ. ಮೂರು ಸಾಲು ಇರಬೇಕಾದ ತ್ರಿಪದಿಗೆ ನಾಲ್ಕು ಸಾಲು ಯಾಕಿದೆ ಅಂತಲೂ ಯಾರೂ ಕೇಳುವುದಿಲ್ಲ. ಅದು ಅವರ ತಪ್ಪಲ್ಲ. ಕೇಳುವುದನ್ನು ನಾವು ಕಲಿಸಿಲ್ಲ.

ಮೊದಲ ವರ್ಷದ ಮಕ್ಕಳು ಲೈಬ್ರರಿಗೆ ಬರುವುದು ಹೇಗೆ ಅನ್ನುವುದನ್ನು ತಾವು ಒಮ್ಮೆ ನೋಡಬೇಕು. ಬಾಗಿಲ ಹತ್ತಿರ ನಿಂತು "ಒಳಗೆ ಬರಬಹುದಾ ಮೇಡಂ?" ಅಂತ ಕೇಳುತ್ತಾರೆ. ಕೆಲವರು ಚಪ್ಪಲಿ ಬಿಟ್ಟು ಬರುತ್ತಾರೆ. ಎಷ್ಟೋ ಮಕ್ಕಳ ಹೈಸ್ಕೂಲಿನಲ್ಲಿ, ಪಿಯುಸಿಯಲ್ಲಿ ಪುಸ್ತಕಗಳು ಬೀರುವಿನಲ್ಲಿ ಬೀಗದೊಳಗೆ ಇದ್ದವು. ಇಲ್ಲಿ ಕಪಾಟಿನಿಂದ ತಾವೇ ಪುಸ್ತಕ ತೆಗೆದುಕೊಳ್ಳಬಹುದು ಅನ್ನುವುದನ್ನೇ ನಂಬುವುದಿಲ್ಲ. ಕೌಂಟರ್ ಹತ್ತಿರ ಬಂದು "ಹಿಸ್ಟರಿ ಬುಕ್ ಕೊಡಿ" ಅನ್ನುತ್ತಾರೆ. ಯಾವ ಹಿಸ್ಟರಿ ಅಂದರೆ "ಫಸ್ಟ್ ಸೆಮ್ ಹಿಸ್ಟರಿ". ಅವರ ಲೆಕ್ಕದಲ್ಲಿ ಇತಿಹಾಸಕ್ಕೆ ಒಂದು ಪುಸ್ತಕ, ಅರ್ಥಶಾಸ್ತ್ರಕ್ಕೆ ಒಂದು ಪುಸ್ತಕ, ಅದೂ ಗೈಡ್.

ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ನಂಬರ್ ಏನು ಅಂತ ಯಾರಾದರೂ ಹೇಳಿಕೊಟ್ಟರೆ ಅವರ ಮುಖವೇ ಬದಲಾಗುತ್ತದೆ. 954.87 ಅಂತಿದ್ದರೆ ಕರ್ನಾಟಕದ ಇತಿಹಾಸ. 894.814 ಅಂದರೆ ಕನ್ನಡ ಸಾಹಿತ್ಯ. ಒಂದು ವಿಷಯದ ಪುಸ್ತಕಗಳೆಲ್ಲ ಒಂದೇ ಕಡೆ ನಿಂತಿರುತ್ತವೆ, ಹುಡುಕಿ ಬಂದ ಪುಸ್ತಕದ ಅಕ್ಕಪಕ್ಕದ ನಾಲ್ಕು ಪುಸ್ತಕವನ್ನೂ ತೆಗೆದು ನೋಡಬೇಕು. ಹತ್ತು ನಿಮಿಷದ ಪಾಠ ಇದು. ಇದನ್ನು ಕಲಿಯದೇ ಮೂರು ವರ್ಷ ಮುಗಿಸಿ ಹೋದವರು ನೂರಾರು ಜನ. ಅವರಲ್ಲಿ ಕೆಲವರು ಬಿಎಡ್ ಮಾಡಿ ಈಗ ಮೇಷ್ಟ್ರುಗಳಾಗಿದ್ದಾರೆ.

ಸಂಪತ್ತು ಇಲ್ಲ ಅಂತ ಹೇಳುವ ಹಾಗಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಲೈಬ್ರರಿ ಅಂದ ಕೂಡಲೇ ಎಲ್ಲರೂ ದುಡ್ಡಿನ ಮಾತಿಗೆ ಬರುತ್ತಾರೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಜರ್ನಲ್‌ಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಇದು ಸಿಗಬೇಕು ಅನ್ನುವುದು ಲೆಕ್ಕ. ಇದಕ್ಕಿಂತ ಮುಂಚೆಯೇ, 2010ರಿಂದ, ಕಾಲೇಜು ಲೈಬ್ರರಿಗಳಿಗೆ ಡಿಜಿಟಲ್ ಸೌಲಭ್ಯ ಕೊಡುವ ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಇದೆ. ಸಣ್ಣ ಕಾಲೇಜು ಕೂಡ ಕಡಿಮೆ ಚಂದಾ ಕಟ್ಟಿ ಲಕ್ಷಕ್ಕೂ ಹೆಚ್ಚು ಇ-ಪುಸ್ತಕ ನೋಡಬಹುದು. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಅವುಗಳಲ್ಲಿ ಕನ್ನಡದಲ್ಲಿ ಬರೆದ ಪ್ರಬಂಧಗಳೂ ಇವೆ. ಖರಗ್‌ಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಲೈಬ್ರರಿಗೆ ಯಾರು ಬೇಕಾದರೂ ಸೇರಬಹುದು.

ಇಷ್ಟೆಲ್ಲ ಇದೆ. ಆದರೆ ನಮ್ಮ ಹುಡುಗನಿಗೂ ಇದಕ್ಕೂ ನಡುವೆ ಏನು ಅಡ್ಡ ಬರುತ್ತದೆ ಗೊತ್ತಾ? ಇಮೇಲ್ ಐಡಿ.

ಎನ್-ಲಿಸ್ಟ್‌ಗೆ ಸೇರಿಸಲು ಪ್ರತಿ ವಿದ್ಯಾರ್ಥಿಯ ಇಮೇಲ್ ಬೇಕು. ನಾನು ಕ್ಲಾಸಿಗೆ ಹೋಗಿ ಹಾಳೆ ಕೊಟ್ಟು ಬರೆಸಿಕೊಂಡು ಬರುತ್ತಿದ್ದೆ. ಅರ್ಧಕ್ಕರ್ಧ ಐಡಿಗಳಿಗೆ ಕಳಿಸಿದ ಪಾಸ್‌ವರ್ಡ್ ಯಾರಿಗೂ ತಲುಪುತ್ತಿರಲಿಲ್ಲ. ಯಾಕೆ ಅಂತ ವಿಚಾರಿಸಿದೆ. ಅಡ್ಮಿಷನ್ ಸಮಯದಲ್ಲಿ ಯುಯುಸಿಎಂಎಸ್ ಅನ್ನುವ ಸರ್ಕಾರದ ಆನ್‌ಲೈನ್ ತಾಣದಲ್ಲಿ ಅರ್ಜಿ ತುಂಬಲು ಸೈಬರ್ ಸೆಂಟರಿಗೆ ಹೋಗಿರುತ್ತಾರೆ. ಅಲ್ಲಿಯವರೇ ಒಂದು ಮೇಲ್ ಐಡಿ ಮಾಡಿಕೊಟ್ಟಿರುತ್ತಾರೆ. ಅದರ ಪಾಸ್‌ವರ್ಡ್ ಸೈಬರ್ ಸೆಂಟರಿನ ಅಣ್ಣನಿಗೆ ಮಾತ್ರ ಗೊತ್ತು. ಇಲ್ಲವೇ ಮೇಲ್ ಐಡಿ ಮಾವನದ್ದು, ಫೋನ್ ಅಪ್ಪನದ್ದು, ಅಪ್ಪ ಕೂಲಿಗೆ ಹೋದರೆ ಓಟಿಪಿ ಸಂಜೆ ಏಳು ಗಂಟೆಗೆ ಸಿಗುತ್ತದೆ. ಒಂದು ವರ್ಷ ನಾನು ಮೊದಲ ಎರಡು ವಾರ ಬೇರೇನೂ ಮಾಡಲಿಲ್ಲ. ಮಕ್ಕಳನ್ನು ಎಂಟೆಂಟು ಜನರಂತೆ ಕೂರಿಸಿಕೊಂಡು ಅವರವರ ಸ್ವಂತ ಮೇಲ್ ಐಡಿ ಮಾಡಿಸಿದೆ. ಪಾಸ್‌ವರ್ಡನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆಯಬೇಡಿ ಅಂತಲೂ ಹೇಳಬೇಕಾಯಿತು. ಆ ವರ್ಷ ಇ-ಪುಸ್ತಕ ತೆರೆದವರ ಸಂಖ್ಯೆ ಹಿಂದಿನ ವರ್ಷಗಳಿಗಿಂತ ಎಷ್ಟೋ ಜಾಸ್ತಿಯಾಯಿತು. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ಸಮಯ ಸಿಕ್ಕಿತ್ತು ಅಷ್ಟೇ. ಆ ವರ್ಷದ ಪ್ರಾಂಶುಪಾಲರು ಎರಡು ವಾರದ ಪೀರಿಯಡ್‌ಗಳನ್ನು ಮನಸ್ಸು ಮಾಡಿ ಕೊಟ್ಟಿದ್ದರು.

6,000 ಕೋಟಿ ಖರ್ಚು ಮಾಡಿ ತಂದ ನೀರು ಊರ ಹೊರಗಿನ ಟ್ಯಾಂಕಿನವರೆಗೆ ಬಂದಿದೆ. ಮನೆಯ ನಲ್ಲಿಗೆ ಪೈಪು ಹಾಕಬೇಕಾಗಿದೆ. ಆ ಪೈಪು ಈ ಒಂದು ಪೀರಿಯಡ್.

ಇನ್ನೊಂದು ಮಾತೂ ಹೇಳಬೇಕು. ಆ 13,000 ಜರ್ನಲ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಬಿಎ ಹುಡುಗಿಗೆ ಮೊದಲ ವಾರದಲ್ಲೇ ಅದನ್ನು ತೋರಿಸಿದರೆ ಅವಳು ಎರಡನೇ ವಾರ ಬರುವುದಿಲ್ಲ. ಅವಳಿಗೆ ಮೊದಲು ತೋರಿಸಬೇಕಾದದ್ದು ಕನ್ನಡದಲ್ಲಿ ಏನಿದೆ ಅನ್ನುವುದನ್ನು. ಮೈಸೂರು ವಿಶ್ವವಿದ್ಯಾಲಯದ 14 ಸಂಪುಟಗಳ ಕನ್ನಡ ವಿಶ್ವಕೋಶ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು, ಸರ್ಕಾರದ್ದೇ ಆದ ಕಣಜ ಮತ್ತು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಅನ್ನುವ ತಾಣಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿ ಹಾಕಿರುವ ಹಳೆಯ ಕನ್ನಡ ಪುಸ್ತಕಗಳು. ತನ್ನ ಭಾಷೆಯಲ್ಲಿ ಹುಡುಕಿ, ಸಿಕ್ಕಿದ ಖುಷಿ ಕಂಡವರು ಇಂಗ್ಲಿಷಿಗೂ ಧೈರ್ಯವಾಗಿ ಕೈ ಹಾಕುತ್ತಾರೆ.

ಆ ಖುಷಿಯನ್ನು ನಾನು ನೋಡಿದ್ದೇನೆ. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ನನ್ನ ಜೊತೆ ಸೇರಿ 'ನಮ್ಮೂರು' ಅಂತ ಅಸೈನ್‌ಮೆಂಟ್ ಕೊಟ್ಟರು. ಗೈಡಿನಲ್ಲಿ ಸಿಗದ ವಿಷಯ ಕೊಟ್ಟರೆ ಮಕ್ಕಳು ಹುಡುಕಲೇಬೇಕು ಅನ್ನುವುದು ನಮ್ಮ ಲೆಕ್ಕ. 2011ರ ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಹಳ್ಳಿ ಹಳ್ಳಿಯ ಅಂಕಿಅಂಶ ಇದೆ. ಮನೆ ಎಷ್ಟು, ಜನ ಎಷ್ಟು, ಓದು ಬಲ್ಲ ಹೆಂಗಸರು ಎಷ್ಟು ಎಲ್ಲವೂ ಇದೆ. ಜನಗಣತಿ ಇಲಾಖೆಯ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಬ್ಬ ಹುಡುಗ, ಎಂದೂ ಬಾಯಿ ಬಿಡದವನು, ಸಾಲು ಸಾಲು ಹೆಸರುಗಳ ಮಧ್ಯೆ ತನ್ನ ಹಳ್ಳಿ ಕಂಡ ಕೂಡಲೇ "ಮೇಡಂ, ನಮ್ಮೂರು ಇದರಲ್ಲಿದೆ!" ಅಂತ ಕೂಗಿದ. ರೀಡಿಂಗ್ ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಸುಮ್ಮನಿರು ಅನ್ನಲಿಲ್ಲ.

ಅವನು ಅಲ್ಲಿಗೆ ನಿಲ್ಲಲಿಲ್ಲ. ಅವರೂರ ಕೆರೆ ಏರಿಯ ಮೇಲೆ ಒಂದು ಕಲ್ಲಿದೆಯಂತೆ, ಹಬ್ಬಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಅದರ ಮೇಲೆ ಏನೋ ಅಕ್ಷರ ಇದೆ, ಅದು ಎಲ್ಲಾದರೂ ಬರೆದಿರುತ್ತಾ ಅಂತ ಕೇಳಿದ. ಬಿ. ಎಲ್. ರೈಸ್ ಅವರು 1886ರಿಂದ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತೋರಿಸಿದೆ. ಜಿಲ್ಲೆವಾರು, ತಾಲ್ಲೂಕುವಾರು ಶಾಸನಗಳ ಪಾಠ ಅದರಲ್ಲಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಅವನ್ನು ತೆರೆದು ನೋಡಬಹುದು. ಮೊದಲು ಸಿಗಲಿಲ್ಲ. ಅವನ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಅಂದು ಬರೆದ ರೀತಿಯೇ ಬೇರೆ ಇತ್ತು. ಅಕ್ಕಪಕ್ಕದ ಹಳ್ಳಿಗಳ ಹೆಸರು ಹಿಡಿದು ಹುಡುಕಿದ. ಎರಡು ದಿನ ಬಂದ. ಮೂರನೇ ದಿನ ಸಿಕ್ಕಿತು. ವೀರಗಲ್ಲು ಅದು. ದನ ಕಾಯಲು ಹೋರಾಡಿ ಸತ್ತವನ ಕಲ್ಲು. ಮೊಬೈಲಿನಲ್ಲಿ ಕಲ್ಲಿನ ಫೋಟೋ ತಂದು, ಪುಸ್ತಕದ ಸಾಲನ್ನೂ ಕಲ್ಲಿನ ಸಾಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಅಕ್ಷರ ಕೂಡಿಸಿ ಓದಿದ. ಅವನ ಅಪ್ಪನೂ ಒಂದು ದಿನ ಬಂದಿದ್ದರು, ಆ ಪುಟದ ಜೆರಾಕ್ಸ್ ಬೇಕಿತ್ತು ಅಂತ.

ಈಗ ಬೇರೆ ಥರದ ಕಷ್ಟ ಶುರುವಾಗಿದೆ. ನಾನು ನಿವೃತ್ತಳಾಗುವ ಮುಂಚಿನ ಕೊನೆಯ ತಿಂಗಳುಗಳಲ್ಲಿ ಒಬ್ಬ ಬಿಕಾಂ ಹುಡುಗ ಐದು ಪುಸ್ತಕಗಳ ಪಟ್ಟಿ ಹಿಡಿದು ಬಂದ. ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ವರ್ಷ ಎಲ್ಲಾ ಇತ್ತು. ಅಚ್ಚುಕಟ್ಟಾದ ಪಟ್ಟಿ. ನಮ್ಮ ಓಪ್ಯಾಕ್‌ನಲ್ಲಿ, ಅಂದರೆ ಲೈಬ್ರರಿಯ ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿ, ಒಂದೂ ಇಲ್ಲ. ವಿಶ್ವವಿದ್ಯಾಲಯದ ಲೈಬ್ರರಿಯ ಕ್ಯಾಟಲಾಗ್‌ನಲ್ಲೂ ಇಲ್ಲ. ಪ್ರಪಂಚದ ಲೈಬ್ರರಿಗಳ ಪುಸ್ತಕಗಳನ್ನು ಒಟ್ಟಿಗೆ ತೋರಿಸುವ ವರ್ಲ್ಡ್‌ಕ್ಯಾಟ್‌ನಲ್ಲೂ ಇಲ್ಲ. ಲೇಖಕರಲ್ಲಿ ಇಬ್ಬರು ನಿಜವಾದ ಮನುಷ್ಯರು, ಆದರೆ ಆ ಹೆಸರಿನ ಪುಸ್ತಕ ಅವರು ಬರೆದಿರಲಿಲ್ಲ. "ಇದು ಎಲ್ಲಿ ಸಿಕ್ತಪ್ಪಾ?" ಅಂದೆ. "ಚಾಟ್‌ಜಿಪಿಟಿ ಕೊಡ್ತು ಮೇಡಂ" ಅಂದ. ಅವನು ಮೋಸ ಮಾಡಲು ಹೊರಟವನಲ್ಲ. ಪಾಪ, ಆ ಪುಸ್ತಕಗಳನ್ನು ನಿಜವಾಗಿ ಓದಬೇಕು ಅಂತಲೇ ಬಸ್ಸು ಬಿಟ್ಟು ಲೈಬ್ರರಿಗೆ ಬಂದಿದ್ದ. ಆ ಯಂತ್ರ ಇರುವ ಪುಸ್ತಕವನ್ನು ನೋಡಿ ಹೇಳುವುದಿಲ್ಲ, ಇರಬಹುದಾದಂಥ ಹೆಸರನ್ನು ಜೋಡಿಸಿ ಹೇಳಿಬಿಡಬಹುದು ಅನ್ನುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಎಐ ಬಳಸಬೇಡಿ ಅಂತ ನಾನು ಯಾವ ಮಗುವಿಗೂ ಹೇಳಲಿಲ್ಲ. ಅದು ಕೊಟ್ಟ ಪ್ರತಿ ಹೆಸರನ್ನೂ ಕ್ಯಾಟಲಾಗ್‌ನಲ್ಲಿ ನೋಡಿ, ಸಿಕ್ಕರೆ ಮಾತ್ರ ಬರೆಯಿರಿ ಅಂತ ಹೇಳಿದೆ. ಅದಕ್ಕೆ ಕ್ಯಾಟಲಾಗ್ ನೋಡಲು ಬರಬೇಕಲ್ಲ.

ಓದಿದವರು ಮೋಸ ಹೋಗುವುದಿಲ್ಲ ಅಂತ ನಾವು ಅಂದುಕೊಂಡಿದ್ದೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಅಧ್ಯಯನ ಮಾಡಿದರು, 2017ರಲ್ಲಿ ಅದು ಹೊರಬಂತು. 10 ಜನ ಇತಿಹಾಸ ಪಂಡಿತರು, ಸುದ್ದಿಯ ಸತ್ಯ ಪರಿಶೀಲಿಸುವ 10 ಜನ ವೃತ್ತಿಪರರು, ಸ್ಟ್ಯಾನ್‌ಫರ್ಡ್‌ನ 25 ವಿದ್ಯಾರ್ಥಿಗಳು. ಎಲ್ಲರಿಗೂ ಕೆಲವು ವೆಬ್‌ಸೈಟ್ ತೋರಿಸಿ, ನಂಬಬಹುದಾ ಅಂತ ಕೇಳಿದರು. ಪಂಡಿತರೂ ವಿದ್ಯಾರ್ಥಿಗಳೂ ಅದೇ ಪುಟದಲ್ಲಿ ಮೇಲಿಂದ ಕೆಳಗೆ ಓದಿ, ಚೆಂದದ ಲೋಗೋ, ಅಧಿಕೃತವಾಗಿ ಕಾಣುವ ಹೆಸರು ನೋಡಿ ಎಷ್ಟೋ ಸಲ ಮೋಸ ಹೋದರು. ಪರಿಶೀಲಕರು ಮಾತ್ರ ಆ ಪುಟವನ್ನು ಬೇಗ ಬಿಟ್ಟು, ಪಕ್ಕದಲ್ಲಿ ಬೇರೆ ಪುಟಗಳನ್ನು ತೆರೆದು, ಈ ವೆಬ್‌ಸೈಟ್ ಯಾರದ್ದು, ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿದರು. ನಮ್ಮ ಹಳ್ಳಿಗಳಲ್ಲಿ ಸಂಬಂಧ ಬೆಳೆಸುವ ಮುಂಚೆ ಹೀಗೇ ಮಾಡುತ್ತೇವೆ. ಹುಡುಗನ ಮನೆಯಲ್ಲಿ ಕಾಫಿ ಕುಡಿದು ಅಲ್ಲಿಗೇ ಒಪ್ಪಿಕೊಂಡು ಬರುವುದಿಲ್ಲ, ಪಕ್ಕದ ಮನೆಯವರನ್ನು ವಿಚಾರಿಸುತ್ತೇವೆ. ಮಕ್ಕಳಿಗೆ ನಾನು ಹೀಗೇ ಹೇಳಿಕೊಡುತ್ತಿದ್ದೆ. ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು. ಆದರೆ ಅಭ್ಯಾಸವಾಗಲು ಹತ್ತು ಸಲ ಮಾಡಿಸಬೇಕು. ಆ ಹತ್ತು ಸಲಕ್ಕೇ ಪೀರಿಯಡ್ ಬೇಕು ಅನ್ನುವುದು.

ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಪಿಎಚ್‌ಡಿ ಪ್ರಬಂಧ ಸಲ್ಲಿಸುವವರು ಸಾಫ್ಟ್‌ವೇರ್ ಪರೀಕ್ಷೆ ದಾಟಬೇಕು. ಒಳ್ಳೆಯದೇ. ಆದರೆ 18ನೇ ವಯಸ್ಸಿನಲ್ಲಿ ಪಕ್ಕದವರ ಪ್ಯಾರಾ ಇಳಿಸಿಕೊಂಡಾಗ ಯಾರೂ ಏನೂ ಹೇಳದೆ, 28ನೇ ವಯಸ್ಸಿನಲ್ಲಿ ಅಪರಾಧ ಅಂದರೆ ಹೇಗೆ?

ಇದು ನನ್ನ ಸ್ವಂತ ಯೋಚನೆಯೂ ಅಲ್ಲ. ಡಾ. ಎಸ್. ಆರ್. ರಂಗನಾಥನ್ ಅವರ ಹೆಸರು ತಾವು ಕೇಳಿರುತ್ತೀರಿ. ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳನ್ನು ಪ್ರಪಂಚದ ಎಲ್ಲ ಲೈಬ್ರೇರಿಯನ್‌ಗಳೂ ಓದುತ್ತಾರೆ. ಪುಸ್ತಕ ಇರುವುದು ಬಳಕೆಗೆ ಅನ್ನುವುದು ಮೊದಲನೆಯದು. ಓದುಗರ ಸಮಯ ಉಳಿಸಿ ಅನ್ನುವುದು ನಾಲ್ಕನೆಯದು. ಕಾಲೇಜಿಗೆ ಹೊಸದಾಗಿ ಸೇರಿದವರನ್ನು ಲೈಬ್ರರಿಗೆ ಕರೆದುಕೊಂಡು ಬಂದು ಬಳಸುವುದನ್ನು ಹೇಳಿಕೊಡುವುದು ಲೈಬ್ರೇರಿಯನ್‌ನ ಕೆಲಸದ ಒಂದು ಭಾಗವೇ ಅಂತ ಅವರು ಬರೆದಿದ್ದಾರೆ. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ಲೈಬ್ರರಿ ವಿಜ್ಞಾನದ ತರಬೇತಿ, ಸಂಶೋಧನೆಗೆ ಡಿಆರ್‌ಟಿಸಿ ಸಂಸ್ಥೆ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಹುಟ್ಟುಹಬ್ಬದ ಹೆಸರಿನಲ್ಲಿ ಆಗಸ್ಟ್ 12ರಂದು ಪ್ರತಿ ಕಾಲೇಜಿನಲ್ಲೂ ಫೋಟೋಗೆ ಹಾರ ಹಾಕುತ್ತೇವೆ. ಅದೇ ವಾರದಲ್ಲಿ ಹೊಸ ಮಕ್ಕಳೂ ಕಾಲೇಜಿನಲ್ಲಿರುತ್ತಾರೆ.

ಈಗ ನಡೆಯುತ್ತಿರುವುದು ಏನು? ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಅಂತ ಹೊಸ ವಿದ್ಯಾರ್ಥಿಗಳ ಸ್ವಾಗತಕ್ಕೆ ಮಾರ್ಗಸೂಚಿ ಕೊಟ್ಟಿತು. ನಮ್ಮ ಕಾಲೇಜಿನಲ್ಲಿ ಆ ದಿನ ಭಾಷಣಗಳು ಮುಗಿಯುವ ಹೊತ್ತಿಗೆ ಊಟದ ಸಮಯವಾಗಿರುತ್ತಿತ್ತು. ಲೈಬ್ರರಿಗೆ ಸಿಗುತ್ತಿದ್ದದ್ದು 15 ನಿಮಿಷ, ಅದೂ ವೇದಿಕೆ ಮೇಲಿಂದ. ಬೆಳಗ್ಗೆ ಹತ್ತರಿಂದ ಐದರವರೆಗೆ ತೆರೆದಿರುತ್ತೆ, ಒಬ್ಬರಿಗೆ ಎರಡು ಪುಸ್ತಕ, ತಡವಾದರೆ ದಂಡ. ಹಸಿದ ಮಕ್ಕಳಿಗೆ ಮೊದಲ ದಿನವೇ ದಂಡದ ಮಾತು ಹೇಳಿ ಕಳಿಸಿದ್ದಕ್ಕೆ ನನಗೆ ಈಗಲೂ ಬೇಜಾರಿದೆ.

2021-22ರಿಂದ ಕೆಲವು ವರ್ಷ ಡಿಜಿಟಲ್ ಫ್ಲೂಯೆನ್ಸಿ ಅಂತ ಒಂದು ಪೇಪರ್ ಇತ್ತು. ಆಸೆಯಿಂದ ನೋಡಿದ್ದೆ. ನಮ್ಮಲ್ಲಿ ಅದು ಕ್ಲೌಡ್ ಎಂದರೇನು, ಬಿಗ್ ಡೇಟಾ ಎಂದರೇನು ಅಂತ ಬಾಯಿಪಾಠ ಮಾಡಿ ಬರೆಯುವ ಪೇಪರ್ ಆಯಿತು. ಅದಕ್ಕೂ ಗೈಡ್ ಬಂತು. ಹಾಗಾಗಿ ಕೈ ಮುಗಿದು ಕೇಳಿಕೊಳ್ಳುತ್ತೇನೆ, ಲೈಬ್ರರಿ ಪೀರಿಯಡ್‌ಗೆ ಥಿಯರಿ ಪರೀಕ್ಷೆ ಇಡಬೇಡಿ. 'ಮಾಹಿತಿ ಸಾಕ್ಷರತೆಯ ಲಕ್ಷಣಗಳನ್ನು ವಿವರಿಸಿ' ಅಂತ ಐದು ಮಾರ್ಕಿನ ಪ್ರಶ್ನೆ ಬಂದ ದಿನ ಇದು ಸತ್ತುಹೋಗುತ್ತದೆ. ಮಕ್ಕಳು ಒಂದು ಪ್ರಶ್ನೆ ಆರಿಸಿಕೊಳ್ಳಲಿ, ತಮ್ಮೂರಿನದ್ದೋ, ತಮ್ಮ ವಿಷಯದ್ದೋ. ಸೆಮಿಸ್ಟರ್ ಪೂರ್ತಿ ಅದನ್ನು ಹುಡುಕಲಿ. ಎಲ್ಲೆಲ್ಲಿ ಹುಡುಕಿದೆ, ಯಾವ ಪದ ಹಾಕಿದೆ, ಏನು ಸಿಗಲಿಲ್ಲ, ಯಾವುದನ್ನು ನಂಬಿದೆ, ಯಾವುದನ್ನು ಬಿಟ್ಟೆ, ಯಾಕೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಅದನ್ನು ನೋಡಿ ಮಾರ್ಕ್ಸ್ ಕೊಡಿ. ಹುಡುಕಿದ್ದನ್ನು ನಕಲು ಮಾಡಬಹುದು, ಹುಡುಕಿದ ದಾರಿಯನ್ನು ನಕಲು ಮಾಡುವುದು ಬಹಳ ಕಷ್ಟ. ಇದರ ಜೊತೆಗೆ ಆಯಾ ವಿಷಯದ ಮೇಷ್ಟ್ರು ಒಂದು ಅಸೈನ್‌ಮೆಂಟನ್ನಾದರೂ ಲೈಬ್ರೇರಿಯನ್ ಜೊತೆ ಕೂತು ರೂಪಿಸಬೇಕು. ಒಬ್ಬರೇ ಮಾಡಿದರೆ ಆಗುವುದಿಲ್ಲ, ನಾನು ಒಬ್ಬಳೇ ಮಾಡಿ ನೋಡಿದ್ದೇನೆ.

ಕಲಿಸುವವರು ಯಾರು ಅನ್ನುವ ಪ್ರಶ್ನೆ ಬರುತ್ತದೆ. ಇದೇ ಕಷ್ಟದ ಜಾಗ. ಲೈಬ್ರೇರಿಯನ್ ಇಲ್ಲದ ಕಾಲೇಜುಗಳನ್ನು ನಾನು ಕಂಡಿದ್ದೇನೆ. ಅಂಥ ಕಡೆ ಕೀಲಿಕೈ ಅಟೆಂಡರ್ ಜೇಬಿನಲ್ಲಿರುತ್ತದೆ. ಅವರು ಆಫೀಸಿನ ಕೆಲಸಕ್ಕೆ ಹೋದರೆ ಲೈಬ್ರರಿಗೆ ಬೀಗ. ಆ ಹುದ್ದೆಗಳನ್ನು ತುಂಬಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆದರೆ ಅದು ಆಗುವವರೆಗೆ ಈ ಪೀರಿಯಡ್ ಕಾಯುವುದು ಬೇಡ. ಒಂದು ತಾಲ್ಲೂಕಿನಲ್ಲಿ ಒಬ್ಬ ಲೈಬ್ರೇರಿಯನ್ ಇದ್ದರೂ ಅವರು ಅಕ್ಕಪಕ್ಕದ ಕಾಲೇಜಿನ ಒಬ್ಬೊಬ್ಬ ಅಧ್ಯಾಪಕರಿಗೆ ಒಂದು ವಾರ ತರಬೇತಿ ಕೊಡಬಹುದು. ಲೈಬ್ರರಿ ಸೈನ್ಸ್‌ನಲ್ಲಿ ಮಾಸ್ಟರ್ಸ್ ಡಿಗ್ರಿ ಮಾಡಿ ಕೆಲಸ ಇಲ್ಲದೆ ಕೂತ ನಮ್ಮದೇ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರೆ. ಅವರನ್ನು ಅತಿಥಿ ಉಪನ್ಯಾಸಕರ ಹಾಗೆ ಕರೆಸಿಕೊಳ್ಳಬಹುದು. ನನ್ನಂಥ ನಿವೃತ್ತರು ಸಂಬಳ ಕೇಳದೆ ಬರುತ್ತೇವೆ.

ವಾರಕ್ಕೊಂದರಂತೆ ಒಂದು ಸೆಮಿಸ್ಟರಿಗೆ ಆಗುವಷ್ಟು ಪಾಠದ ಟಿಪ್ಪಣಿ ನನ್ನ ಹತ್ತಿರ ಇದೆ. ಕನ್ನಡದಲ್ಲೇ ಬರೆದದ್ದು, ಮಕ್ಕಳ ಜೊತೆ ಮಾಡಿ ನೋಡಿ ತಿದ್ದಿದ್ದು. ಮೊದಲ ಪಾಠ ಮೇಲ್ ಐಡಿ ಮಾಡುವುದು. ಎರಡನೆಯದು ಕಪಾಟಿನ ಮುಂದೆ ನಿಂತು ಪುಸ್ತಕದ ಬೆನ್ನಿನ ನಂಬರ್ ಓದುವುದು. ಕಾಯಕವೇ ಕೈಲಾಸದ ಪಾಠ ನಾಲ್ಕನೇ ವಾರ ಬರುತ್ತದೆ. ಯಾವ ಕಾಲೇಜು ಕೇಳಿದರೂ ಕೊಡುತ್ತೇನೆ.

ತಾವು ಈ ವಿಷಯ ತೀರ್ಮಾನ ಮಾಡುವ ಮುಂಚೆ ಯಾವುದಾದರೂ ತಾಲ್ಲೂಕಿನ ಕಾಲೇಜಿಗೆ, ಮುಂಚಿತವಾಗಿ ತಿಳಿಸದೆ, ಅಡ್ಮಿಷನ್ ಮುಗಿದ ಮೊದಲ ವಾರ ಮಧ್ಯಾಹ್ನದ ಹೊತ್ತಿಗೆ ಹೋಗಿ ಬನ್ನಿ. ಲೈಬ್ರರಿ ಬಾಗಿಲ ಹತ್ತಿರ ಯಾರಾದರೂ ಒಳಗೆ ಬರಲೋ ಬೇಡವೋ ಅಂತ ನಿಂತಿರುತ್ತಾರೆ. ಅವರನ್ನು ಮಾತಾಡಿಸಿ.

ವಂದನೆಗಳೊಂದಿಗೆ,
ಒಬ್ಬ ನಿವೃತ್ತ ಲೈಬ್ರರಿ ಮೇಡಂ